ಹೂಂಗುಟ್ಟುವವರಿಲ್ಲದ ಪಾಠ

ನಮ್ಮ ಭಾಷೆಯಲ್ಲಿ 'ಕೇಳು' ಎಂಬ ಮಾತಿಗೆ ಎರಡು ಅರ್ಥಗಳುಂಟು. ಮತ್ತೊಬ್ಬರು ಹೇಳಿದುದನ್ನು ಕಿವಿಗೊಟ್ಟು ಗ್ರಹಿಸುವುದು ಒಂದು. ತಿಳಿಯದುದನ್ನು ಪ್ರಶ್ನಿಸುವುದು ಮತ್ತೊಂದು. ವಿದ್ಯಾರ್ಥಿಯು ಪಾಠವನ್ನು ಕೇಳುತ್ತಾನೆ, ಸಂದೇಹವನ್ನೂ ಕೇಳುತ್ತಾನೆ. ಇಂಗ್ಲಿಷಿನವರಿಗೆ ಎರಡು ಪದಗಳು ಬೇಕಾಗುವ ಕೆಲಸವನ್ನು ಕನ್ನಡಿಗರು ಒಂದರಿಂದಲೇ ಸಾಗಿಸಿಕೊಂಡು ಬಂದಿದ್ದಾರೆ. ಕಿವಿಗೊಡುವುದೂ ಪ್ರಶ್ನಿಸುವುದೂ ಒಂದೇ ಕಾರ್ಯದ ಎರಡು ಮುಖಗಳೆಂಬ ತಿಳಿವಳಿಕೆ ಈ ಪದದಲ್ಲಿಯೇ ಅಡಗಿರುವಂತೆ ತೋರುತ್ತದೆ.

ಮನೆಯಲ್ಲಿ ಅಜ್ಜಿಯು ಮೊಮ್ಮಕ್ಕಳಿಗೆ ಕಥೆ ಹೇಳುವ ಕ್ರಮವನ್ನು ನೆನೆದರೆ ಇದು ಇನ್ನಷ್ಟು ಸ್ಪಷ್ಟವಾಗುವುದು. ಕಥೆ ಆರಂಭಿಸುವ ಮೊದಲೇ ಆಕೆ 'ಹೂಂ ಅನ್ನುತ್ತಿರಬೇಕು' ಎಂದು ಕರಾರು ಹಾಕುತ್ತಾಳೆ. ಮಗುವಿನ 'ಹೂಂ' ಗಟ್ಟಿಯಾಗಿದ್ದರೆ ಕಥೆ ಮುಂದೆ ಓಡುವುದು. ಅದು ಕ್ಷೀಣವಾದರೆ ಅಜ್ಜಿ ನಿಂತು, 'ಯಾಕೋ ಮಗು, ತಿಳಿಯಲಿಲ್ಲವೇ?' ಎನ್ನುವಳು. ಅದು ನಿಂತೇಹೋದರೆ ಮಗುವಿಗೆ ನಿದ್ದೆ ಬಂತೆಂದು ತಿಳಿದು ಹೊದಿಕೆ ಹೊದಿಸುವಳು. ಹೀಗೆ ಹೇಳುವವರ ಮಾತಿಗೆ ದಾರಿ ತೋರುವುದು ಕೇಳುವವರ 'ಹೂಂ'. ತರಗತಿಯಲ್ಲಿ ಮಕ್ಕಳು ಬಾಯಿಬಿಟ್ಟು ಹೂಂಗುಟ್ಟದಿದ್ದರೂ ಅವರ ಕಣ್ಣು, ಹುಬ್ಬು, ಅತ್ತಿತ್ತ ಹೊರಳುವ ಕತ್ತು ಇವೆಲ್ಲ ಅದೇ ಕೆಲಸವನ್ನು ಮಾಡುತ್ತವೆ. ಅನುಭವಿಗಳಾದ ಉಪಾಧ್ಯಾಯರು ಕಪ್ಪು ಹಲಗೆಯ ಕಡೆಯಿಂದ ತಿರುಗಿದೊಡನೆಯೇ ಎಷ್ಟು ಮಂದಿಗೆ ಅರ್ಥವಾಗಿದೆ ಎಂಬುದನ್ನು ಮುಖಗಳಲ್ಲಿ ಓದಿಬಿಡುತ್ತಾರೆ.

ಆನ್‌ಲೈನ್ ತರಗತಿಯಲ್ಲಿ ಇಲ್ಲವಾಗುವುದು ಈ 'ಹೂಂ'. ನಲವತ್ತು ಮನೆಗಳ ಸದ್ದು ಒಮ್ಮೆಗೇ ಬರಬಾರದೆಂದು ಉಪಾಧ್ಯಾಯರೇ ಎಲ್ಲರ ಮೈಕನ್ನೂ ಮ್ಯೂಟ್ ಮಾಡಿಸುತ್ತಾರೆ. ಕ್ಯಾಮೆರಾವನ್ನು ಅನೇಕರು ತೆರೆಯುವುದಿಲ್ಲ. ಉಳಿಯುವುದು ಹೆಸರು ಬರೆದ ಕಪ್ಪು ಚೌಕಗಳ ಸಾಲು. ಆ ಚೌಕಗಳಿಗೆ ಪಾಠ ಹೇಳುವವರಿಗೆ, ಆಚೆ ಕಡೆ ಇರುವುದು ಗಮನವೋ, ಗೊಂದಲವೋ, ನಿದ್ದೆಯೋ ಎಂಬುದು ತಿಳಿಯದು. 'ಮೌನಂ ಸಮ್ಮತಿ ಲಕ್ಷಣಂ' ಎಂಬ ಹಳೆಯ ಮಾತು ಈ ತರಗತಿಯ ಮಟ್ಟಿಗೆ ಸಲ್ಲುವುದಿಲ್ಲವೆಂಬುದನ್ನು ಮೊದಲು ಮನಗಾಣಬೇಕು.

ಬೆಂಗಳೂರಿನ ಪಶ್ಚಿಮ ಭಾಗದ ಗೃಹಸ್ಥರಿಗೆ ಈ ವಿಷಯವು ಹೊಸದಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ಕಾರಣದಿಂದ ಶಾಲೆಗಳ ಬಾಗಿಲು ಮುಚ್ಚಿದಾಗ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಿಂದ ಹಿಡಿದು ಕೆಂಗೇರಿಯವರೆಗೆ ಮನೆಮನೆಯ ಒಂದು ಮೂಲೆಯೂ ತರಗತಿಯಾಯಿತು. ದೊಡ್ಡ ಮನೆಗಳಲ್ಲಿ ಮಕ್ಕಳಿಗೊಂದು ಕೋಣೆ ದೊರೆಯಿತು. ಅಡ್ಡರಸ್ತೆಯ ವಠಾರಗಳಲ್ಲಾದರೋ ಅಡಿಗೆ, ಹೊಲಿಗೆ, ಹಿರಿಯರ ಔಷಧೋಪಚಾರ ಎಲ್ಲವೂ ನಡೆಯುವ ಒಂದೇ ಕೋಣೆಯಲ್ಲಿ, ತಂದೆಯ ಒಂದೇ ಮೊಬೈಲನ್ನು ಅಕ್ಕತಮ್ಮಂದಿರು ಸರದಿಯಂತೆ ಹಿಡಿದು ಕೂರಬೇಕಾಯಿತು.

ಅಂದು ಇದು ರಾಜ್ಯದ ದೊಡ್ಡ ವಿವಾದವೂ ಆಯಿತು. ಎಳೆಯ ಮಕ್ಕಳನ್ನು ಗಂಟೆಗಟ್ಟಲೆ ಯಂತ್ರದ ಮುಂದೆ ಕೂರಿಸುವುದು ಹಿತವಲ್ಲವೆಂದು 2020ರ ಜೂನ್ ತಿಂಗಳಲ್ಲಿ ಸರ್ಕಾರವು ಐದನೆಯ ತರಗತಿಯವರೆಗಿನ ಆನ್‌ಲೈನ್ ಪಾಠಗಳನ್ನು ತಡೆಯಿತು. ಆಗ ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವರಾಗಿದ್ದ ಎಸ್. ಸುರೇಶ್‌ಕುಮಾರ್ ಅವರು ರಾಜಾಜಿನಗರ ಕ್ಷೇತ್ರದ ಶಾಸಕರೇ. ವಿಷಯವನ್ನು ವಿಚಾರಿಸಲು ಪ್ರೊಫೆಸರ್ ಎಂ. ಕೆ. ಶ್ರೀಧರ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯೊಂದು ನೇಮಕವಾಯಿತು. ತಂದೆತಾಯಿಗಳು ನ್ಯಾಯಾಲಯದ ಮೊರೆಹೊಕ್ಕರು. ಜುಲೈ 8ರಂದು ರಾಜ್ಯದ ಉಚ್ಚ ನ್ಯಾಯಾಲಯವು, ಇಂಥ ನಿಷೇಧವು ಮಕ್ಕಳ ಶಿಕ್ಷಣದ ಹಕ್ಕಿಗೆ ಅಡ್ಡಿಯೆಂದು ಮೇಲ್ನೋಟಕ್ಕೆ ಕಂಡುಬರುವುದರಿಂದ, ಸರ್ಕಾರದ ಆಜ್ಞೆಗಳಿಗೆ ತಡೆಯಾಜ್ಞೆಯನ್ನು ಕೊಟ್ಟಿತು. ಅದೇ ತಿಂಗಳ 14ರಂದು ಕೇಂದ್ರ ಸರ್ಕಾರವು 'ಪ್ರಜ್ಞಾತಾ' ಎಂಬ ಹೆಸರಿನ ಮಾರ್ಗಸೂಚಿಯನ್ನು ಹೊರಡಿಸಿತು. ಶಿಶುವಿಹಾರದ ಮಕ್ಕಳ ಪೋಷಕರೊಡನೆ ದಿನಕ್ಕೆ 30 ನಿಮಿಷಕ್ಕೆ ಮೀರದ ಮಾತುಕತೆ; ಒಂದರಿಂದ ಎಂಟನೆಯ ತರಗತಿಯವರಿಗೆ 30ರಿಂದ 45 ನಿಮಿಷಗಳ ಎರಡು ಪಾಠಗಳು; ಒಂಬತ್ತರಿಂದ ಹನ್ನೆರಡನೆಯವರಿಗೆ ಅಂಥವೇ ನಾಲ್ಕು ಎಂದು ಅದು ಮಿತಿಯನ್ನು ಹಾಕಿತು.

ಪಾಠ ಇರಬೇಕೇ ಬೇಡವೇ, ಎಷ್ಟು ಹೊತ್ತು ಇರಬೇಕು ಎಂಬುದರ ಬಗ್ಗೆ ಬಹಳ ಚರ್ಚೆಯಾಯಿತು. ಅಷ್ಟು ಹೊತ್ತಿನಲ್ಲಿ ಯಾರು ಯಾರ ಮಾತನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಆ ದಿನಗಳಲ್ಲಿ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಪ್ರಸಾರವಾದವು. ದೂರದ ಧ್ವನಿಯಿಂದ ತಿಳಿವಳಿಕೆಯನ್ನು ಪಡೆಯುವುದು ನಮ್ಮವರಿಗೆ ಬಹುಕಾಲದ ರೂಢಿ. ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ಆರಂಭಿಸಿದ್ದು 1935ರಲ್ಲಿ. ಆದರೆ ರೇಡಿಯೋ ಆಗಲಿ ಟೆಲಿವಿಷನ್ ಆಗಲಿ ಒಂದೇ ದಿಕ್ಕಿನ ಮಾತು ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ಪ್ರಶ್ನೆ ಹಾಕಿ ಉತ್ತರವನ್ನು ಯಾರೂ ಕಾಯುವುದಿಲ್ಲ. ಆನ್‌ಲೈನ್ ತರಗತಿಯಾದರೋ ಎರಡು ದಿಕ್ಕಿನ ಮಾತೆಂದು ತೋರುತ್ತಲೇ, ಎಚ್ಚರ ತಪ್ಪಿದರೆ ಒಂದೇ ದಿಕ್ಕಿನದಾಗಿಬಿಡುತ್ತದೆ. ಅದರ ಅಪಾಯವಿರುವುದು ಇಲ್ಲಿಯೇ. 2020ರ ಆಗಸ್ಟಿನಲ್ಲಿ ಆರಂಭವಾದ 'ವಿದ್ಯಾಗಮ' ಯೋಜನೆಯಲ್ಲಿ ಸರ್ಕಾರಿ ಶಾಲೆಗಳ ಉಪಾಧ್ಯಾಯರು ಮಕ್ಕಳಿದ್ದ ಕಡೆಗೇ ಹೋಗಿ, ದೇವಸ್ಥಾನದ ಪ್ರಾಂಗಣದಲ್ಲಿಯೋ ಮರದ ನೆರಳಿನಲ್ಲಿಯೋ ಪಾಠ ಹೇಳಿದರು. ರೋಗಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು; 2021ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಮಗುವಿನ ಮುಖವನ್ನು ಕಾಣದೆ, ಅದರ ಮಾತನ್ನು ಕೇಳದೆ ಪಾಠ ಪೂರ್ಣವಾಗದೆಂಬ ಅರಿವು ಆ ಯೋಜನೆಯಲ್ಲಿತ್ತು.

ಒಂದರಿಂದ ಐದನೆಯ ತರಗತಿಯ ಮಕ್ಕಳು ಶಾಲೆಗೆ ಮರಳಿದ್ದು 2021ರ ಅಕ್ಟೋಬರ್ 25ರಂದು. ಅಲ್ಲಿಗೆ ಆನ್‌ಲೈನ್ ಪಾಠದ ಕಾಲ ಮುಗಿಯಿತೆಂದು ಅನೇಕರು ಎಣಿಸಿದರು. ಅದು ಹಾಗಾಗಲಿಲ್ಲ. 2024ರ ಮಾರ್ಚಿನಲ್ಲಿ ನಗರಕ್ಕೆ ನೀರಿನ ಬರ ತಟ್ಟಿದಾಗ ವಿಜಯನಗರದ ಕೋಚಿಂಗ್ ಕೇಂದ್ರವೊಂದು ತನ್ನ ವಿದ್ಯಾರ್ಥಿಗಳಿಗೆ ಒಂದು ವಾರ ಮನೆಯಿಂದಲೇ ಪಾಠ ಕೇಳುವಂತೆ ತಿಳಿಸಿತು. ಸಂಜೆಯ ಟ್ಯೂಷನ್, ಪ್ರವೇಶ ಪರೀಕ್ಷೆಗಳ ತರಬೇತಿ, ಸಂಗೀತ, ಹೊರದೇಶದಲ್ಲಿರುವ ಮಕ್ಕಳ ಕನ್ನಡ ಅಕ್ಷರಾಭ್ಯಾಸ ಇವೆಲ್ಲ ಈಗ ಎಷ್ಟೋ ಮನೆಗಳಲ್ಲಿ ಸ್ಕ್ರೀನಿನ ಮೇಲೆಯೇ ನಡೆಯುತ್ತಿವೆ. ಆದುದರಿಂದ ಈ ತರಗತಿಯಲ್ಲಿ ಕೇಳುವ ಬಗೆಯನ್ನು ಕಲಿಯುವುದು ಅನಾವಶ್ಯಕವಲ್ಲ.

ಪಾಶ್ಚಾತ್ಯರು ಇದನ್ನು 'ಸಕ್ರಿಯ ಶ್ರವಣ' ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ ಎಂಬವರು 1957ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದಿಂದ ಪ್ರಕಟವಾದ ಚಿಕ್ಕ ಪುಸ್ತಕವೊಂದರಲ್ಲಿ ಇದನ್ನು ವಿವರಿಸಿದರು. ಸುಮ್ಮನೆ ಕುಳಿತು ಕೇಳುವುದು ಸಾಲದು. ಹೇಳಿದವರ ಅಭಿಪ್ರಾಯವನ್ನೂ ಅದರ ಹಿಂದಿನ ಭಾವವನ್ನೂ ಗ್ರಹಿಸಿ, ತಾನು ಗ್ರಹಿಸಿದುದನ್ನು ಅವರಿಗೆ ಹಿಂದಿರುಗಿಸಿ, ಸರಿಯೇ ಎಂದು ವಿಚಾರಿಸಬೇಕು ಎಂಬುದು ಅದರ ಸಾರ. ಎಂದರೆ 'ಕೇಳು' ಎಂಬುದರ ಎರಡು ಅರ್ಥಗಳನ್ನೂ ಒಟ್ಟಿಗೆ ನಡೆಸುವುದು.

ಇದು ಆನ್‌ಲೈನ್ ಪಾಠದಲ್ಲಿ ಏಕೆ ಕಷ್ಟವೆಂಬುದಕ್ಕೆ ಯಂತ್ರದಲ್ಲಿಯೇ ಒಂದು ಕಾರಣವಿದೆ. ಎದುರುಬದುರಾಗಿ ಮಾತನಾಡುವವರಲ್ಲಿ ಒಬ್ಬರ ಪ್ರಶ್ನೆಗೂ ಮತ್ತೊಬ್ಬರ ಉತ್ತರಕ್ಕೂ ನಡುವಣ ಅವಕಾಶ ಅತ್ಯಲ್ಪ. ಬೇರೆ ಬೇರೆ ದೇಶಗಳ ಹತ್ತು ಭಾಷೆಗಳನ್ನು ಪರೀಕ್ಷಿಸಿದ ವಿದ್ವಾಂಸರು, ಅದು ಸರಾಸರಿ ಸೆಕೆಂಡಿನ ಐದನೆಯ ಒಂದು ಪಾಲಿನಷ್ಟು ಎಂದು 2009ರಲ್ಲಿ ತಿಳಿಸಿದರು. ನಮ್ಮ ಕಿವಿಯು ಆ ಲಯಕ್ಕೆ ಒಗ್ಗಿಹೋಗಿದೆ. ಆದರೆ ಧ್ವನಿಯು ಮೊಬೈಲಿನಿಂದ ಹೊರಟು ನೆಟ್‌ವರ್ಕಿನಲ್ಲಿ ಸುತ್ತಿ ಬರುವಾಗ ತಡವಾಗುತ್ತದೆ. ಒಂದು ದಿಕ್ಕಿನ ತಡವು ಸೆಕೆಂಡಿನ ಸಾವಿರದಲ್ಲಿ 150 ಭಾಗಗಳ ಒಳಗಿದ್ದರೆ ಮಾತುಕತೆಗೆ ತೊಡಕಿಲ್ಲವೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಹೇಳುತ್ತದೆ. ಸಂಜೆಯ ಹೊತ್ತು ನೆಟ್‌ವರ್ಕಿನಲ್ಲಿ ಜನಸಂದಣಿ ಹೆಚ್ಚಿದಾಗ, ಇಲ್ಲವೇ ಮನೆಯ ಮೂಲೆಯಲ್ಲಿ ಸಿಗ್ನಲ್ ಕುಂದಿದಾಗ ಆ ಮಿತಿ ದಾಟಿಹೋಗುವುದುಂಟು. ಅದರ ಮೇಲೆ, ಮುಚ್ಚಿದ ಮೈಕನ್ನು ತೆರೆಯಲು ಮಗುವಿಗೆ ಇನ್ನೂ ಎರಡು ಮೂರು ಸೆಕೆಂಡು ಬೇಕು.

ಈ ತಡವನ್ನು ನಾವು ಯಂತ್ರದ ಲೆಕ್ಕಕ್ಕೆ ಬರೆಯುವುದಿಲ್ಲ; ಮನುಷ್ಯರ ಲೆಕ್ಕಕ್ಕೆ ಬರೆಯುತ್ತೇವೆ. ಜರ್ಮನಿಯ ಸಂಶೋಧಕರು ಇಬ್ಬಿಬ್ಬರನ್ನು ದೂರವಾಣಿಯಲ್ಲಿ ಮಾತನಾಡಿಸಿ, ನಡುವೆ ಬೇಕೆಂದೇ ತಡವನ್ನು ಬೆರೆಸಿ ನೋಡಿದರು. ತಡ ಹೆಚ್ಚಿದಷ್ಟೂ ಆಚೆಯವರಿಗೆ ಗಮನ ಕಡಿಮೆಯೆಂದು ಮಾತನಾಡಿದವರು ತೀರ್ಮಾನಿಸಿದರು. 2014ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ತರಗತಿಗೆ ಅನ್ವಯಿಸಿ ನೋಡಿದರೆ ಅದರ ಗಾಂಭೀರ್ಯ ತಿಳಿಯುವುದು.

ವಿಜಯನಗರದ ಅಡ್ಡರಸ್ತೆಯೊಂದರ ಮನೆಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಮೊಬೈಲನ್ನು ಸ್ಟೀಲ್ ಡಬ್ಬಿಗೆ ಒರಗಿಸಿಕೊಂಡು ಕುಳಿತಿದ್ದಾಳೆಂದು ಭಾವಿಸೋಣ. 'ಚಂದ್ರನ ಒಂದೇ ಮುಖ ನಮಗೆ ಯಾವಾಗಲೂ ಕಾಣುವುದೇಕೆ?' ಎಂದು ಉಪಾಧ್ಯಾಯಿನಿ ಕೇಳುತ್ತಾರೆ. ಹುಡುಗಿಗೆ ಉತ್ತರ ಅರೆಬರೆಯಾಗಿ ಗೊತ್ತು. ಯೋಚಿಸಿ, ಧೈರ್ಯ ತಂದುಕೊಂಡು, ಮೈಕಿನ ಗುರುತನ್ನು ಹುಡುಕಿ ಒತ್ತುವಷ್ಟರಲ್ಲಿ ಅತ್ತಣಿಂದ, 'ಯಾರಿಗೂ ಗೊತ್ತಿಲ್ಲವೇ? ಸರಿ, ನಾನೇ ಹೇಳುತ್ತೇನೆ' ಎಂಬ ಮಾತು ಬರುತ್ತದೆ. 'ಮಿಸ್...' ಎಂದ ಅವಳ ಧ್ವನಿ ಆ ವಿವರಣೆಯಲ್ಲಿ ಮುಳುಗಿಹೋಗುತ್ತದೆ. ಇದು ಒಂದು ಸಲವಾದರೆ ಚಿಂತೆಯಿಲ್ಲ. ನಾಲ್ಕು ಸಲವಾದರೆ ಆಕೆ ಐದನೆಯ ಸಲ ಮೈಕನ್ನು ಮುಟ್ಟುವುದಿಲ್ಲ. ಉಪಾಧ್ಯಾಯಿನಿ ಈ ಹುಡುಗಿ ಮಂದಳೆಂದು ತಿಳಿಯುತ್ತಾರೆ. ತನ್ನ ಮಾತು ಮಿಸ್‌ಗೆ ಬೇಡವೆಂದು ಹುಡುಗಿ ತಿಳಿಯುತ್ತಾಳೆ. ಇಬ್ಬರೂ ಒಳ್ಳೆಯವರೇ, ಇಬ್ಬರ ತಿಳಿವಳಿಕೆಯೂ ತಪ್ಪು. ಪ್ರೋಗ್ರೆಸ್ ಕಾರ್ಡಿನಲ್ಲಿ 'ಗಮನ ಸಾಲದು' ಎಂಬ ಷರಾ ಬೀಳುವುದು, ಮನೆಯಲ್ಲಿ ಅದನ್ನೋದಿ ಮಗುವನ್ನು ಗದರುವುದು ಇವೆಲ್ಲ ಈ ಕೆಲವು ಸೆಕೆಂಡುಗಳ ಮೌನದಿಂದಲೇ ಹುಟ್ಟಬಹುದು.

ಇದಕ್ಕೆ ಪರಿಹಾರವುಂಟೇ? ಉಂಟು, ಅದಕ್ಕೆ ಹಣ ಬೇಕಿಲ್ಲ, ತಾಳ್ಮೆ ಬೇಕು. ಈ ತಡದೊಡನೆ ಬಾಳುವುದನ್ನು ಮೊದಲು ಕಲಿತವರು ಬಹುಶಃ ಸಂಗೀತದ ಗುರುಗಳು. ಆನ್‌ಲೈನಿನಲ್ಲಿ ಗುರುಶಿಷ್ಯರು ಒಟ್ಟಿಗೆ ಹಾಡಿದರೆ ತಾಳ ತಪ್ಪುವುದು ಖಂಡಿತ. ಆದುದರಿಂದ ಗುರುಗಳು ಒಂದು ಸಾಲನ್ನು ಹಾಡಿ ನಿಲ್ಲಿಸುತ್ತಾರೆ. ಶಿಷ್ಯೆ ಪೂರ್ತಿಯಾಗಿ ಕೇಳಿ ಹಿಂದಿರುಗಿಸುತ್ತಾಳೆ. ಆಗ ಗುರುಗಳು ಸುಮ್ಮನಿದ್ದು ಕೇಳುತ್ತಾರೆ. ವೇದಪಾಠದಲ್ಲಿ ಗುರುಗಳು ಒಮ್ಮೆ ಹೇಳಿದುದನ್ನು ಶಿಷ್ಯರು ಎರಡು ಬಾರಿ ಹೇಳುವ ಪದ್ಧತಿಯೂ ಇದೇ ತತ್ತ್ವದ ಮೇಲೆ ನಿಂತಿದೆ. ಸರದಿಯನ್ನು ಬಿಟ್ಟುಕೊಡುವುದು, ಹಿಂದಿರುಗಿಸುವುದು, ತಿದ್ದುವುದು ಎಂಬ ಈ ಮೂರು ಹೆಜ್ಜೆಗಳನ್ನು ಗಣಿತ, ವಿಜ್ಞಾನಗಳ ತರಗತಿಯೂ ಎರವಲು ಪಡೆಯಬಹುದು. ಒಂದು ವ್ಯತ್ಯಾಸವಿರಲಿ: ಸಂಗೀತದಲ್ಲಿ ಇದ್ದುದನ್ನು ಇದ್ದಂತೆಯೇ ಹಿಂದಿರುಗಿಸಬೇಕು, ಇತರ ಪಾಠಗಳಲ್ಲಿ ಮಗುವು ತನ್ನ ಸ್ವಂತ ಮಾತಿನಲ್ಲಿ ಹಿಂದಿರುಗಿಸಬೇಕು. ಗಿಳಿಪಾಠದಿಂದ ಅರ್ಥವಾಯಿತೋ ಇಲ್ಲವೋ ಎಂಬುದು ತಿಳಿಯದು.

ಉಪಾಧ್ಯಾಯರು ಮಾಡಬೇಕಾದ ಮೊದಲನೆಯ ಕೆಲಸವೆಂದರೆ ಕಾಯುವುದು. ಅಮೆರಿಕದ ಮೇರಿ ಬಡ್ ರೋ ಎಂಬ ವಿದುಷಿಯು ಸಾಮಾನ್ಯ ತರಗತಿಗಳನ್ನೇ ಪರೀಕ್ಷಿಸಿ, ಪ್ರಶ್ನೆ ಕೇಳಿದ ಮೇಲೆ ಉಪಾಧ್ಯಾಯರು ಕಾಯುವುದು ಹೆಚ್ಚೆಂದರೆ ಒಂದು ಸೆಕೆಂಡಿನಷ್ಟು ಎಂಬುದನ್ನು ಕಂಡರು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು. ಉತ್ತರವೇ ಬಾರದಿರುವುದು ಕಡಿಮೆಯಾಯಿತು. ಹಿಂದುಳಿದವರೆಂದು ಎಣಿಸಲ್ಪಟ್ಟ ಮಕ್ಕಳೂ ಬಾಯಿಬಿಟ್ಟರು. ಅಂಥ ಮಕ್ಕಳ ವಿಷಯದಲ್ಲಿ ಉಪಾಧ್ಯಾಯರಿಗಿದ್ದ ಅಭಿಪ್ರಾಯವೂ ಬದಲಾಯಿತು. 1974ರಲ್ಲಿ ಪ್ರಕಟವಾದ ಈ ಮಾತು ಒಂದೇ ಕೋಣೆಯಲ್ಲಿ ಕುಳಿತವರನ್ನು ಕುರಿತದ್ದು. ಯಂತ್ರದ ತಡವನ್ನೂ ಸೇರಿಸಿದರೆ ಆನ್‌ಲೈನಿನಲ್ಲಿ ಐದಾರು ಸೆಕೆಂಡಾದರೂ ಕಾಯುವುದು ಯುಕ್ತ. ಮನಸ್ಸಿನಲ್ಲಿಯೇ ಒಂದರಿಂದ ಆರರವರೆಗೆ ಎಣಿಸಿದರೆ ಸಾಕು. ಮಗು ಉತ್ತರ ಹೇಳಿ ಮುಗಿಸಿದ ಮೇಲೂ ಒಂದೆರಡು ಸೆಕೆಂಡು ತಡೆದರೆ, ಅನೇಕ ವೇಳೆ ಮಗುವೇ ಮುಂದುವರಿದು ಇನ್ನೊಂದು ಮಾತನ್ನು ಸೇರಿಸುವುದುಂಟು.

ಎರಡನೆಯದು, ಮಗುವಿನ ಉತ್ತರವನ್ನು ಹಿಂದಿರುಗಿಸುವುದು. 'ಸರಿ', 'ತಪ್ಪು' ಎಂದು ತೀರ್ಪು ಕೊಡುವ ಮೊದಲು, 'ಚಂದ್ರ ತಿರುಗುವುದೇ ಇಲ್ಲವೆಂದು ನೀನು ಹೇಳುತ್ತಿದ್ದೀಯೆ, ಅಲ್ಲವೇ?' ಎಂದು ವಿಚಾರಿಸಿದರೆ, ಮಗುವು 'ಹಾಗಲ್ಲ ಮಿಸ್, ತಿರುಗುತ್ತೆ, ಆದರೆ ನಿಧಾನವಾಗಿ' ಎಂದು ತಿದ್ದಿಕೊಳ್ಳಲು ಎಡೆಯಾಗುತ್ತದೆ. ಧ್ವನಿ ಒಡೆದು ಬಂದಾಗ ತಪ್ಪು ಕೇಳಿಸಿಕೊಂಡು ಗದರುವ ಪ್ರಸಂಗವೂ ತಪ್ಪುತ್ತದೆ. ಮೂರನೆಯದು, 'ಅರ್ಥವಾಯಿತೇ?' ಎಂಬ ಪ್ರಶ್ನೆಯನ್ನು ಕೈಬಿಡುವುದು. ಈ ಪ್ರಶ್ನೆಗೆ 'ಆಯಿತು' ಎಂದಲ್ಲದೆ ಬೇರೆ ಉತ್ತರ ಕೊಡುವ ಧೈರ್ಯವುಳ್ಳ ಮಕ್ಕಳು ವಿರಳ. ಅದರ ಬದಲು, 'ಈಗ ಹೇಳಿದ್ದನ್ನು ನಿನ್ನ ತಂಗಿಗೆ ಹೇಗೆ ಹೇಳುವೆ?' ಎಂದರೆ ಒಳಗಿರುವುದು ಹೊರಬರುತ್ತದೆ. ಮಾತನಾಡಲು ಅಂಜುವವರು ಚಾಟಿನಲ್ಲಿ ಒಂದು ಸಾಲು ಬರೆದರೂ ಸಾಲುವುದು. ಆದರೆ ಬರೆದುದನ್ನು ಉಪಾಧ್ಯಾಯರು ಓದಿ, ಹೆಸರು ಹಿಡಿದು ಉತ್ತರಿಸಬೇಕು. ಇಲ್ಲವಾದರೆ ಅದೂ ಕತ್ತಲಲ್ಲಿ ಎಸೆದ ಕಲ್ಲೇ.

ವಿದ್ಯಾರ್ಥಿಗಳಿಗೂ ಕರ್ತವ್ಯವುಂಟು. ಸ್ಕ್ರೀನಿನ ಮುಂದೆ ಕುಳಿತ ಮಾತ್ರಕ್ಕೆ ಕೇಳಿದಂತಾಗದು. ಬಳಿಯಲ್ಲಿ ಒಂದು ನೋಟ್‌ಬುಕ್ ಇರಲಿ. ಹತ್ತು ನಿಮಿಷಕ್ಕೊಮ್ಮೆ ತಿಳಿದುದನ್ನು ಒಂದು ಸಾಲಿನಲ್ಲಿಯೂ ತಿಳಿಯದುದನ್ನು ಒಂದು ಪ್ರಶ್ನೆಯ ರೂಪದಲ್ಲಿಯೂ ಗುರುತು ಹಾಕಿಕೊಳ್ಳಲಿ. ಧ್ವನಿ ಕಡಿದುಹೋದರೆ ಸುಮ್ಮನಿರದೆ, 'ಸರ್, ಭಿನ್ನರಾಶಿಯವರೆಗೆ ಕೇಳಿಸಿತು, ಆಮೇಲಿನದು ಕೇಳಿಸಲಿಲ್ಲ' ಎಂದು ನಿಖರವಾಗಿ ತಿಳಿಸಲಿ. ಸಹಪಾಠಿಯ ಉತ್ತರವೂ ಪಾಠದ ಭಾಗವೇ. ಅದನ್ನು ಕೇಳಿ, 'ಅವನು ಹೇಳಿದ್ದಕ್ಕೆ ನಾನು ಇಷ್ಟು ಸೇರಿಸುತ್ತೇನೆ' ಎನ್ನುವ ಅಭ್ಯಾಸವು ಅತ್ಯಂತ ಶ್ಲಾಘ್ಯ. ಉಪಾಧ್ಯಾಯರೂ ತಮ್ಮ ಮನೆಯಲ್ಲಿಯೇ, ತಮ್ಮ ಸಂಸಾರದ ಗದ್ದಲದ ನಡುವೆ ಪಾಠ ಹೇಳುತ್ತಿರಬಹುದೆಂಬುದನ್ನು ಮಕ್ಕಳು ಮರೆಯಬಾರದು. ಪಾಠದ ಕೊನೆಗೆ ಹೇಳುವ ಒಂದು 'ತಿಳಿಯಿತು ಸರ್, ಈ ಭಾಗ ಮಾತ್ರ ಇನ್ನೊಮ್ಮೆ ಬೇಕು' ಎಂಬ ಮಾತು ಅವರಿಗೆ ಎಷ್ಟೋ ಬಲ ಕೊಡುವುದು.

ಕ್ಯಾಮೆರಾವನ್ನು ಕಡ್ಡಾಯ ಮಾಡಿದರೆ ಎಲ್ಲವೂ ಸರಿಹೋಗುವುದೆಂದು ಕೆಲವರ ಅಭಿಪ್ರಾಯ. ಮುಖ ಕಂಡರೆ ಅನುಕೂಲವೆಂಬುದು ನಿಜ. ಆದರೆ ಒಂದೇ ಕೋಣೆಯ ಮನೆಯಲ್ಲಿ ಮಗುವಿನ ಹಿಂದೆ ಒಣಗಿಹಾಕಿದ ಬಟ್ಟೆ, ಮಲಗಿರುವ ಅಜ್ಜ, ಅಡಿಗೆಯ ಹೊಗೆ ಇವೆಲ್ಲ ನಲವತ್ತು ಮನೆಗಳಿಗೆ ಕಾಣುವುದು ಆ ಮಗುವಿಗೆ ನಾಚಿಕೆಯ ವಿಷಯವಾಗಬಹುದು. ಡೇಟಾ ಖರ್ಚೂ ಏರುವುದು. ಆದುದರಿಂದ ಪಾಠದ ಆರಂಭದಲ್ಲಿ ನಮಸ್ಕಾರ ಹೇಳುವಾಗ ಒಂದು ನಿಮಿಷ ಮುಖ ತೋರಿಸಿ, ಅನಂತರ ಇಷ್ಟವಿದ್ದವರು ಮುಚ್ಚಿಕೊಳ್ಳುವುದು ನ್ಯಾಯವಾದ ಮಧ್ಯಮಾರ್ಗ. ತೆರೆದ ಕ್ಯಾಮೆರಾಕ್ಕಿಂತ ತೆರೆದ ಕಿವಿ ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ಮನೆಯವರ ಪಾಲು. ಮಾರ್ಗಸೂಚಿಯಂತೆ ಒಂದು ಪಾಠದ ಅವಧಿ ಮುಕ್ಕಾಲು ಗಂಟೆಗೆ ಮೀರದು. ಅಷ್ಟು ಹೊತ್ತು ಮಿಕ್ಸರನ್ನೂ ಟೆಲಿವಿಷನ್ನನ್ನೂ ನಿಲ್ಲಿಸುವುದು ಅಸಾಧ್ಯವಲ್ಲ. ಬೀದಿಯಲ್ಲಿ ತರಕಾರಿ ಗಾಡಿಯ ಧ್ವನಿವರ್ಧಕವನ್ನು ತಡೆಯಲಾರೆವು. ಆದರೆ ಮಗುವಿಗೆ ಒಂದು ಸಾಧಾರಣ ಇಯರ್‌ಫೋನನ್ನು ಕೊಡಬಲ್ಲೆವು. ಮಗು ತಡವರಿಸಿದಾಗ ಹಿಂದಿನಿಂದ ಪಿಸುಗುಟ್ಟಿ ಉತ್ತರ ಹೇಳಿಕೊಡುವ ತಾಯಂದಿರು ಬಹಳ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಅದರಿಂದ ಉಪಾಧ್ಯಾಯರಿಗೆ ಕೇಳಿಸುವುದು ಮಗುವಿನ ತಿಳಿವಳಿಕೆಯಲ್ಲ, ತಾಯಿಯದು. ಮಗುವಿನ ತಪ್ಪು ಉತ್ತರವು ಉಪಾಧ್ಯಾಯರ ಕಿವಿಗೆ ಬೀಳದಿದ್ದರೆ ಅವರು ಅದನ್ನು ತಿದ್ದುವುದೆಂತು?

'ಇಷ್ಟೆಲ್ಲ ಕಾಯುತ್ತ ಕೂತರೆ ಪಾಠ ಮುಗಿಯುವುದೆಂದು?' ಎಂದು ಉಪಾಧ್ಯಾಯರು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ನಲವತ್ತು ನಿಮಿಷದ ಪಾಠದಲ್ಲಿ ಹತ್ತು ಪ್ರಶ್ನೆಗಳನ್ನು ಕೇಳಿ, ಪ್ರತಿಯೊಂದಕ್ಕೂ ಆರು ಸೆಕೆಂಡು ಕಾದರೆ ವ್ಯಯವಾಗುವುದು ಒಂದೇ ನಿಮಿಷ. ಉತ್ತರಗಳನ್ನು ಹಿಂದಿರುಗಿಸಿ ವಿಚಾರಿಸಲು ಇನ್ನು ಐದು ನಿಮಿಷಗಳಾದೀತು. ಆ ಆರು ನಿಮಿಷಗಳನ್ನು ಉಳಿಸಲು ಹೋಗಿ ಮಕ್ಕಳಿಗೆ ತಲಪದ ಪಾಠವನ್ನು ಮುಗಿಸಿದರೆ, ಅದು ಪುಸ್ತಕದಲ್ಲಿ ಮಾತ್ರ ಮುಗಿದಂತೆ. ಒಂದೇ ತರಗತಿಯಲ್ಲಿ ನೂರಾರು ಮಂದಿಯನ್ನು ಸೇರಿಸುವ ತರಬೇತಿ ಸಂಸ್ಥೆಗಳಲ್ಲಿ ಇದು ಸಾಧ್ಯವಾಗದೆಂಬುದು ದಿಟ. ಅಂಥಲ್ಲಿಗೆ ಮಗುವನ್ನು ಸೇರಿಸುವ ಮೊದಲು, 'ನಮ್ಮ ಮಗುವಿನ ಪ್ರಶ್ನೆಯನ್ನು ಯಾರು ಕೇಳುತ್ತಾರೆ, ಯಾವಾಗ ಕೇಳುತ್ತಾರೆ?' ಎಂದು ವಿಚಾರಿಸುವುದು ಹಣ ಕಟ್ಟುವ ಗೃಹಸ್ಥರ ಹಕ್ಕು.

ಮಕ್ಕಳು ಪಾಠ ಮುಗಿಸಿ ಎದ್ದಾಗ ಸಾಮಾನ್ಯವಾಗಿ ಮನೆಯಲ್ಲಿ ಕೇಳುವ ಪ್ರಶ್ನೆ, 'ಇವತ್ತು ಏನು ಹೇಳಿಕೊಟ್ಟರು?' ಎಂಬುದು. ಅದರ ಬದಲು, 'ಇವತ್ತು ಏನು ಕೇಳಿದೆ?' ಎಂದು ಕೇಳಿ ನೋಡಬಹುದು. ಕಿವಿಯಿಂದ ಕೇಳಿದ್ದೇನು, ಬಾಯಿಂದ ಕೇಳಿದ್ದೇನು ಎಂಬ ಎರಡಕ್ಕೂ ಮಗು ಉತ್ತರ ಕೊಡಬಲ್ಲುದಾದರೆ ಪಾಠವು ಸಾರ್ಥಕವಾಯಿತೆಂದು ತಿಳಿಯಬಹುದು. ಒಂದಕ್ಕೆ ಮಾತ್ರ ಉತ್ತರ ಬಂದರೆ, ಆ ಸಂಜೆ ಮಗುವಿನ ಬಳಿ ಹತ್ತು ನಿಮಿಷ ಕುಳಿತು, ನಾವು ಹೂಂಗುಟ್ಟುತ್ತ, ಅದು ಹೇಳುವುದನ್ನು ಕೇಳೋಣ.